ಗಂಭೀರದ ಎಡಬಾಗಿಲು

ನಮ್ಮ ಮನೆಯ ಬಚ್ಚಲಿಗೆ ಹೋಗುವವರು ದೊಡ್ಡವರಿರಲಿ ಚಿಕ್ಕವರಿರಲಿ ತಲೆ ಬಗ್ಗಿಸಿಯೇ ಹೋಗಬೇಕು. ಅದರ ಬಾಗಿಲು ಮನೆಗೆಂದು ಮಾಡಿದ್ದಲ್ಲ, ಕಾರಿಗೆಂದು ಮಾಡಿದ್ದು. ಕಡುನೀಲಿ ಬಣ್ಣ, ಅಂಚಿನುದ್ದಕ್ಕೂ ಹೊಳೆಯುವ ಪಟ್ಟಿ, ಒಳಗಡೆ ತೊಗಲಿನ ಹೊದಿಕೆ, ಮೊಣಕೈ ಊರಿಕೊಳ್ಳಲು ಮೆತ್ತನೆಯ ದಿಂಬು. ಬಾಗಿಲಿನ ಮೇಲೂ ಕೆಳಗೂ ಉಳಿದ ಜಾಗಕ್ಕೆ ತಾತ ಹಲಗೆ ಹೊಡೆದಿದ್ದಾರೆ. ಕಿಟಕಿಯ ಗಾಜಿಗೆ ಅಜ್ಜಿ ಬಿಳಿ ಬಣ್ಣ ಬಳಿಸಿದ್ದಾಳೆ. ಆದರೂ ಹೊಸಬರು ಬಂದಾಗ ಅನಾಹುತ ತಪ್ಪುವುದಿಲ್ಲ. ಒಳಗೆ ಹೋದವರು ಚಿಲಕವೆಂದುಕೊಂಡು ಗಾಜಿನ ಹಿಡಿಯನ್ನು ತಿರುಗಿಸುತ್ತಾರೆ. ಗಾಜು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಕೆಳಗಿಳಿಯುತ್ತದೆ. ಒಮ್ಮೆ ವಿಮೆಯ ಏಜೆಂಟರೊಬ್ಬರು ಹೀಗೆ ಗಾಜಿಳಿಸಿ, ಹೊರಗೆ ಪಾತ್ರೆ ಒರೆಸುತ್ತಿದ್ದ ಅಜ್ಜಿಯನ್ನು ಮುಖಾಮುಖಿ ಕಂಡು, ಏನು ಹೇಳಬೇಕೋ ತಿಳಿಯದೆ "ನಮಸ್ಕಾರ" ಎಂದರು.

ಅಜ್ಜಿ ಕೇಳಿದಳು, "ಎಲ್ಲಿಗೆ ಹೊರಟ್ರಿ?"

ಆ ಬಾಗಿಲು ತಾತನ ದುಡಿಮೆಯಲ್ಲಿ ಉಳಿದದ್ದು. ಊರಿನಲ್ಲಿ ಅವರ ಹೆಸರೂ ಅದೇ: ಎಡಬಾಗಿಲು. ಹಾಗೆಂದು ಕರೆದರೆ ಅವರಿಗೆ ಬೇಸರವಿಲ್ಲ. ಬರೀ ‘ಬಾಗಿಲು’ ಎಂದರೆ ಮಾತ್ರ ತಿರುಗಿ ನೋಡುವುದಿಲ್ಲ.

ತಾತ ಕೆಲಸಕ್ಕೆ ಸೇರಿದಾಗ ಕಂಪನಿ ಕಾರು ಮಾಡುತ್ತಿರಲಿಲ್ಲ, ಕಬ್ಬಿಣದ ಬೀರು ಮಾಡುತ್ತಿತ್ತು. ಕಳ್ಳರು ಬಂದರೆ ನೋಡಿ, ನಿಟ್ಟುಸಿರುಬಿಟ್ಟು ಹೋಗುವಂಥ ಬೀರು. ಒಮ್ಮೆ ಮನೆಯೊಳಗೆ ಇಟ್ಟರೆ ಆಮೇಲೆ ಮನೆ ಮಾರುವಾಗ ಅದನ್ನೂ ಸೇರಿಸಿಯೇ ಮಾರಬೇಕು, ಅಷ್ಟು ಭಾರ. ಬೀರುವಿಗೆ ಬಂದ ಹೆಸರು ಕಂಪನಿಯ ಯಜಮಾನರ ತಲೆಗೇರಿತು. ಒಂದು ದಿನ ಅವರು ಯಾರದೋ ದೊಡ್ಡ ಕಾರಿನಲ್ಲಿ ಬಂದಿಳಿದು, ಬಾಗಿಲು ಹಾಕಿ, ಆ ಸದ್ದಿಗೆ ಮುಖ ಸಿಂಡರಿಸಿ, "ಇಷ್ಟು ದೊಡ್ಡ ಮನುಷ್ಯನ ಕಾರಿಗೆ ಡಬ್ಬಿ ಮುಚ್ಚಳವಾ? ನಮ್ಮ ಬೀರು ಬಾಗಿಲೇ ವಾಸಿ" ಎಂದರಂತೆ. ಕಾರಿನ ಕಂಪನಿ ಹುಟ್ಟಿದ್ದು ಆ ಮಾತಿನಿಂದ. ಮೊದಲು ಬಾಗಿಲು ಮಾಡಿದರು. ಆಮೇಲೆ ಬಾಗಿಲಿಗೆ ತಕ್ಕ ಕಾರು ಮಾಡಿದರು. ಎಂಜಿನ್ನಿನ ನೆನಪಾದದ್ದು ಕೊನೆಯಲ್ಲಿ ಎಂದು ಅಜ್ಜಿ ಹೇಳುತ್ತಾಳೆ. ತಾತ ಇದನ್ನು ಒಪ್ಪುವುದಿಲ್ಲ. ಕೊನೆಗೆ ನೆನಪಾದದ್ದು ಬ್ರೇಕು ಎನ್ನುತ್ತಾರೆ.

ಕಾರಿಗೆ ‘ಗಂಭೀರ’ ಎಂದು ಹೆಸರಿಟ್ಟರು. ಹೆಸರಿಗೆ ತಕ್ಕಂತೆ ಅದು ಯಾವುದಕ್ಕೂ ಅವಸರ ಪಡುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಹಾಲು ಕುಡಿದರೆ ಲೋಟದ ಮೇಲಿನ ಕೆನೆ ಅಲುಗುತ್ತಿರಲಿಲ್ಲವಂತೆ. ಅಲುಗುವಷ್ಟು ಜೋರಾಗಿ ಹೋದರೆ ತಾನೇ ಎಂದು ಆಗದವರು ಆಡಿಕೊಳ್ಳುತ್ತಿದ್ದರು. ಏರು ರಸ್ತೆಯಲ್ಲಿ ಪಕ್ಕದಲ್ಲಿ ನಡೆದು ಹೋಗುವವರು ಕಾರಿನೊಳಗಿದ್ದವರ ಜೊತೆ ಮನೆಮಂದಿಯ ಸುದ್ದಿಯೆಲ್ಲ ಮಾತಾಡಿ ಮುಗಿಸಿ, "ಸರಿ, ನಾನು ಮುಂದೆ ಹೋಗಿರ್ತೀನಿ" ಎಂದು ಹೊರಟುಬಿಡುತ್ತಿದ್ದರು. ಆದರೆ ಅದರ ಬಾಗಿಲಿನ ವಿಷಯದಲ್ಲಿ ಒಬ್ಬರೂ ತುಟಿ ಎರಡು ಮಾಡಲಿಲ್ಲ. ಒಳಗೆ ಕೂತು ಬಾಗಿಲು ಎಳೆದುಕೊಂಡರೆ ಹೊರಗಿನ ಲೋಕ ಹೊರಗೇ ನಿಂತುಬಿಡುತ್ತಿತ್ತು.

ಮೊದಲ ಕಾರು ಹೊರಬಂದ ದಿನ ಯಜಮಾನರು ಕಂಪನಿಯ ಅಂಗಳದಲ್ಲಿ ಭಾಷಣ ಮಾಡಿದರು. ಅವರ ಬಾಯಿಗೆ ಆಗಷ್ಟೇ ಹೊಸ ಹಲ್ಲಿನ ಸೆಟ್ಟು ಬಂದಿತ್ತು. "ನಮ್ಮ ಬಾಗಿಲು ಧಡ್ ಅನ್ನಬಾರದು. ಟಕ್ ಅನ್ನಬಾರದು. ಡಬ್ ಅಂತೂ ಅನ್ನಲೇಬಾರದು" ಎಂದು ಹೇಳಿ, ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಬಾಗಿಲು ಏನೆನ್ನಬೇಕೋ ಅದನ್ನು ಬಾಯಲ್ಲಿ ಮಾಡಿ ತೋರಿಸಿದರು. ಅಂಗಳದ ಎಡಗಡೆ ನಿಂತವರಿಗೆ ಅದು ‘ದಪ್’ ಎಂದು ಕೇಳಿಸಿತು. ಬಲಗಡೆಯವರಿಗೆ ‘ಧಪ್’ ಎಂದು ಕೇಳಿಸಿತು. ಎಡಗಡೆ ನಿಂತಿದ್ದವರು ಎಡಬಾಗಿಲು ಮಾಡುವ ಶೆಡ್ಡಿನವರು, ಬಲಗಡೆ ಬಲಬಾಗಿಲಿನ ಶೆಡ್ಡಿನವರು. ಯಜಮಾನರ ಬಳಿ ಹೋಗಿ ‘ತಾವು ಹೇಳಿದ್ದು ಬರೀ ದ-ನೋ, ಹೊಟ್ಟೆ ಸೀಳಿದ ಧ-ನೋ’ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸಂಶಯ ಪರಿಹಾರವಾಗಲೆಂದು ಆಫೀಸಿನಿಂದ ಒಂದು ಸುತ್ತೋಲೆ ಬಂತು. ಟೈಪ್ ಮಾಡಿದವರ ಕೈತಪ್ಪಿ ಅದರಲ್ಲಿ ‘ದಬ್’ ಎಂದಿತ್ತು. ಎರಡು ಶೆಡ್ಡಿನವರೂ ಜೀವಮಾನದಲ್ಲಿ ಒಟ್ಟಾಗಿ ಒಪ್ಪಿದ ಮಾತು ಅದೊಂದೇ, ದಬ್ ಮಾತ್ರ ಅಲ್ಲ.

ತಾತನ ಕೆಲಸಕ್ಕೆ ಕಂಪನಿಯಲ್ಲಿ ‘ಕೇಳುವವರು’ ಎಂದು ಹೆಸರು. ಬಾಗಿಲು ಕೂರಿಸಿದ ಪ್ರತಿ ಕಾರಿನೊಳಗೂ ಹೋಗಿ ಕೂತು, ಕಣ್ಣು ಮುಚ್ಚಿ, ಬಾಗಿಲು ಎಳೆದುಕೊಂಡು ಕೇಳಬೇಕು. ಸರಿಬರದಿದ್ದರೆ ಇಳಿದು, ಕೀಲು ಸಡಿಲಿಸಿ, ಬಾಗಿಲನ್ನು ಮೊಣಕಾಲಿನಿಂದ ಕೂದಲೆಳೆಯಷ್ಟು ಎತ್ತಿ ಬಿಗಿಯಬೇಕು. ಬಾಗಿಲಿನ ಅಂಚಿಗೆ ಸುತ್ತುವ ರಬ್ಬರಿನ ಬೀಡಿಂಗಿನ ಹಿಂದೆ ಉಣ್ಣೆಯ ಪಟ್ಟಿ ತುರುಕಿ ಮತ್ತೆ ಕೂತು ಕೇಳಬೇಕು. ಬೆಳಗಿನಿಂದ ಸಂಜೆಯವರೆಗೆ ಅವರು ಕಾರಿನಲ್ಲೇ ಕೂತಿರುತ್ತಿದ್ದರು, ಒಂದು ಮಾರು ದೂರವೂ ಹೋಗುತ್ತಿರಲಿಲ್ಲ. ಚಲಿಸುವ ಗಂಭೀರದಲ್ಲಿ ಅವರು ಒಮ್ಮೆಯೂ ಕೂತವರಲ್ಲ.

ಬಲಶೆಡ್ಡಿನ ಕೇಳುವವರು ಅಜ್ಜಿಯ ಅಣ್ಣ. ನನಗೆ ದೊಡ್ಡತಾತ, ತಾತನಿಗೆ ಭಾವ, ಊರಿಗೆ ಬಲಬಾಗಿಲು. ಬೀರುವಿನ ಕಾಲದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೆಲಸ ಕಲಿತವರು. ಆ ಸ್ನೇಹದಲ್ಲೇ ದೊಡ್ಡತಾತ ತಂಗಿಯನ್ನು ಕೊಟ್ಟದ್ದು. ಆಮೇಲೆ ಒಬ್ಬರನ್ನು ಎಡಕ್ಕೆ, ಒಬ್ಬರನ್ನು ಬಲಕ್ಕೆ ಹಾಕಿದರು. ಊಟದ ಹೊತ್ತಿನಲ್ಲಿ ತಾತ, "ಬಲದ್ದು ಡ್ರೈವರ್ ಬಾಗಿಲು, ಎಡದ್ದು ಯಜಮಾನರ ಬಾಗಿಲು" ಎನ್ನುತ್ತಿದ್ದರು. ದೊಡ್ಡತಾತ ಅನ್ನ ಕಲಸುತ್ತ, "ಡ್ರೈವರ್ ಇಲ್ದೆ ಯಜಮಾನ ಎಲ್ಲಿಗೆ ಹೋಗ್ತಾನಂತೆ, ಕೇಳು ನಿನ್ನ ಗಂಡನ್ನ" ಎನ್ನುತ್ತಿದ್ದರು.

ದಪ್‌ಗೂ ಧಪ್‌ಗೂ ಏನು ವ್ಯತ್ಯಾಸ ಎಂದು ನಾನು ಒಮ್ಮೆ ತಾತನನ್ನು ಕೇಳಿದ್ದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು, ಮನೆಯಲ್ಲಿ ಇಂಥ ಮಗು ಹೇಗೆ ಹುಟ್ಟಿತು ಎನ್ನುವ ಹಾಗೆ.

"ಬೆಕ್ಕು ಗೋಡೆಯಿಂದ ಹಾಸಿಗೆ ಮೇಲೆ ಹಾರುತ್ತಲ್ಲ, ಅದು ದಪ್. ಅದೇ ಹಾಸಿಗೆ ಅಟ್ಟದಿಂದ ಬೀಳುತ್ತಲ್ಲ, ಅದು ಧಪ್. ದಪ್ ಅಂದ್ರೆ ಒಳಗಿರೋರಿಗೆ ಸಮಾಧಾನ. ಧಪ್ ಅಂದ್ರೆ ಹೊರಗಿರೋರಿಗೆ ಅವಮಾನ."

ಕಂಪನಿ ಮುಳುಗಿದ್ದು ಯಾಕೆ ಎಂದು ಊರಿನಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಹೇಳುತ್ತಾರೆ. ನನಗೆ ತಿಳಿದಂತೆ ಕಾರಣ ಸರಳ. ಹಗುರವಾದ, ಚುರುಕಾದ, ಬಾಗಿಲು ಹಾಕಿದರೆ ಡಬ್ ಎನ್ನುವ ಚಿಕ್ಕ ಕಾರುಗಳು ಬಂದವು, ಜನ ಅವುಗಳಲ್ಲಿ ಸಂತೋಷವಾಗಿ ಓಡಾಡತೊಡಗಿದರು. ಶೆಡ್ಡಿನೊಳಗೆ ಕೇಳುವವರಿದ್ದರು, ಹೊರಗೆ ಗಂಭೀರವನ್ನು ಕೇಳುವವರಿರಲಿಲ್ಲ. ‘ಗಂಭೀರದ ಸ್ಥಿತಿ ಗಂಭೀರ’ ಎಂದು ಪತ್ರಿಕೆಯಲ್ಲಿ ಬಂದ ದಿನ ತಾತ ಆ ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದರು. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಗೇಟು ಮುಚ್ಚಿದರು. ನೆನಪಿಗೆ ಎಲ್ಲರೂ ತಮ್ಮ ತಮ್ಮ ವಿಭಾಗದ ಒಂದೊಂದು ವಸ್ತು ಒಯ್ಯಬಹುದು ಎಂದರು. ಅದಕ್ಕೇ ನಮ್ಮ ಊರಿನಲ್ಲಿ ದರ್ಜಿಯ ಮನೆಯ ಕರೆಗಂಟೆ ಹಾರ್ನ್ ಹೊಡೆಯುತ್ತದೆ. ಅಂಚೆಯವರ ಅಪ್ಪ ಮಧ್ಯಾಹ್ನ ಮಲಗುವುದು ಗಂಭೀರದ ಹಿಂದಿನ ಸೀಟಿನ ಮೇಲೆ.

ಆ ಸಂಜೆ ಗೇಟಿನ ಹೊರಗೆ, ಒಬ್ಬೊಬ್ಬರ ಹೆಗಲ ಮೇಲೂ ಒಂದೊಂದು ಬಾಗಿಲು ಇರುವಾಗ, ದೊಡ್ಡತಾತ ಹೇಳಿದರಂತೆ, "ಒಂದು ಕಡೆ ಧಪ್, ಇನ್ನೊಂದು ಕಡೆ ದಪ್ ಅಂದ್ರೆ ಯಾವನು ತಗೊಳ್ತಾನೆ? ನಿಮ್ಮ ಎಡಬಾಗಿಲೇ ಕಂಪನೀನ ಮುಳುಗಿಸ್ತು."

ತಾತ ಹೇಳಿದರಂತೆ, "ಮುಳುಗೋಕೆ ಭಾರ ಬೇಕಲ್ಲ ಭಾವ. ಅದು ನಿಮ್ಮ ಧಪ್‌ನಲ್ಲೇ ಇತ್ತು."

ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು. ಮನೆಗಳ ನಡುವೆ ಹೋಗಿಬರುವುದು ನಿಲ್ಲಲಿಲ್ಲ, ಎರಡೂ ಮನೆಗೆ ಅಜ್ಜಿ ಒಬ್ಬಳೇ ಅಲ್ಲವೇ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವಾಗಲೂ "ಉಪ್ಪು ಬೇಕಾ ಕೇಳು ಅವರಿಗೆ" ಎಂದು ಇವರು, "ಬೇಡ ಅಂತ ಹೇಳು" ಎಂದು ಅವರು. ಅಜ್ಜಿ, "ಒಂದು ಹೊಟ್ಟೆ ಸೀಳಿಗೆ ನನ್ನ ಹೊಟ್ಟೆ ಉರಿಸ್ತೀರಲ್ಲ" ಎಂದು ಉಪ್ಪಿನ ಡಬ್ಬಿಯನ್ನು ಇಬ್ಬರ ನಡುವೆ ಕುಕ್ಕುತ್ತಿದ್ದಳು.

ತಾತ ಬಾಗಿಲನ್ನು ಬಚ್ಚಲಿಗೆ ಹಾಕಿಸಿದರು. ದೊಡ್ಡತಾತ ಪಕ್ಕದ ಬೀದಿಯಲ್ಲಿ ತಮ್ಮ ಕಾಂಪೌಂಡಿನ ಗೇಟಿಗೆ ಹಾಕಿಸಿದರು. ಬೆಳಗ್ಗೆ ಬೀದಿ ಇನ್ನೂ ಎದ್ದಿರದ ಹೊತ್ತಿನಲ್ಲಿ ನಮ್ಮ ಬಚ್ಚಲು ದಪ್ ಎನ್ನುತ್ತಿತ್ತು. ಅತ್ತ ಹಾಲು ತರಲು ಹೊರಟ ದೊಡ್ಡತಾತನ ಗೇಟಿನ ಸದ್ದು, ಹಂಚುಗಳ ಮೇಲಿನಿಂದ ಹಾದು ಬಂದು, ಧಪ್ ಎಂದು ಉತ್ತರ ಕೊಡುತ್ತಿತ್ತು. "ಅಣ್ಣ ಎದ್ದ" ಎಂದು ಅಜ್ಜಿ ಒಲೆ ಹಚ್ಚುತ್ತಿದ್ದಳು. ತಾತ ಟವೆಲು ಹೆಗಲಿಗೆ ಹಾಕಿಕೊಂಡು ಒಂದು ಕ್ಷಣ ನಿಂತು ಕೇಳಿ, "ಇವತ್ತೂ ತಪ್ಪೇ" ಎಂದು ಸಮಾಧಾನದಿಂದ ಒಳಗೆ ಬರುತ್ತಿದ್ದರು. ಅವರಿಬ್ಬರ ನಡುವೆ ಉಳಿದಿದ್ದ ಮಾತುಕತೆ ಅದಷ್ಟೇ. ನನಗೆ ಗೊತ್ತಿರುವ ಎಷ್ಟೋ ಮಾತುಕತೆಗಿಂತ ಅದು ನಿಯಮಿತವಾಗಿತ್ತು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ತಾತ ಬಚ್ಚಲಿನಿಂದ ಹೊರಬಂದು ಬಾಗಿಲು ಹಾಕಿದರು. ಮತ್ತೆ ತೆಗೆದು ಹಾಕಿದರು. ಮತ್ತೆ ತೆಗೆದರು.

"ಬಾಗಿಲ ಸದ್ದು ಸತ್ತುಹೋಗಿದೆ" ಎಂದರು.

ಹಾರ್ಡ್‌ವೇರ್ ಅಂಗಡಿಗೆ ನಾನೂ ಜೊತೆಗೆ ಹೋದೆ. ಹೊಸ ಬೀಡಿಂಗ್ ಅಳೆದು ಕತ್ತರಿಸುತ್ತ ಅಂಗಡಿಯವನು, "ಏನು, ಎರಡು ಮನೇಲೂ ಒಟ್ಟಿಗೇ ರಿಪೇರಿನಾ? ನಿಮ್ಮ ಭಾವನೂ ಮೊನ್ನೆ ಇದನ್ನೇ ತಗೊಂಡೋದ್ರು" ಎಂದ. ತಾತ ಆ ಮಾತಿಗೆ ಏನೂ ಹೇಳಲಿಲ್ಲ. ಭಾವನ ಸುದ್ದಿ ಬಂದಾಗ ಹಾಗೆ ಕಿವಿಗೆ ಹಾಕಿಕೊಳ್ಳದಿರುವುದು ಅವರ ರೂಢಿ ಎಂದುಕೊಂಡೆ.

ಬೀಡಿಂಗ್ ಬದಲಾಯಿತು. ಕೀಲಿಗೆ ಎಣ್ಣೆ ಬಿತ್ತು. ತಾತ ಒಳಗೆ ಮಣೆ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, "ಹಾಕು" ಎಂದರು. ನಾನು ಹಾಕಿದೆ. ಬೆಕ್ಕು ಹಾಸಿಗೆಯ ಮೇಲೆ ಹಾರಿದ ಹಾಗೆ, ಮೆತ್ತಗೆ, ತುಂಬಿಕೊಂಡು, ದಪ್ ಎಂದಿತು.

"ಇಲ್ಲ" ಎಂದರು ತಾತ. "ಸತ್ತೇ ಇದೆ."

ಮತ್ತೆ ಹಾಕಿದೆ. ಮತ್ತೆ ಇಲ್ಲ ಎಂದರು. ನಾನು ಬಾಗಿಲು ತೆಗೆದು, ಅವರ ಬೆನ್ನ ಹಿಂದೆ ನಿಂತು, ಮೆಲ್ಲಗೆ, "ತಾತ, ಕಾಫಿ ಬೇಕಾ?" ಎಂದೆ. ಕಾಫಿ ಎಂದರೆ ನಿದ್ದೆಯಲ್ಲೂ ಹೂಂಗುಟ್ಟುವವರು ಗೋಡೆ ನೋಡುತ್ತ ಕೂತೇ ಇದ್ದರು. ಅವರ ಬಿಳಿಯ ಹಿಂದಲೆಯನ್ನು, ಎರಡು ದೊಡ್ಡ ಕಿವಿಗಳನ್ನು ನೋಡುತ್ತ ನಾನು ಸ್ವಲ್ಪ ಹೊತ್ತು ನಿಂತೆ. ಬಾಗಿಲಿಗೆ ಏನೂ ಆಗಿರಲಿಲ್ಲ.

ಅವರು ತಿರುಗಿ ನನ್ನ ಮುಖ ನೋಡಿದರು, ನೋಡಿದ್ದೇ ತಿಳಿದುಕೊಂಡರು. ಎದುರಿಗೆ ನಿಂತು ಬಾಯಿ ಕಾಣುವಂತೆ ಮಾತಾಡಿದರೆ ಅವರಿಗೆ ಇನ್ನೂ ಅರ್ಥವಾಗುತ್ತಿತ್ತು. ಮೆಲು ಸದ್ದುಗಳು ಮಾತ್ರ ಒಂದೊಂದಾಗಿ ಮನೆ ಬಿಟ್ಟು ಹೋಗಿದ್ದವು.

"ಅಜ್ಜಿಗೆ ಹೇಳ್ಬೇಡ" ಎಂದರು. "ಅವಳಿಗೆ ಗೊತ್ತಾದ್ರೆ ಭಾವನಿಗೆ ಗೊತ್ತಾಗುತ್ತೆ. ನನಗೆ ಕಿವಿ ಕೇಳಲ್ಲ ಅಂತ ಅವರಿಗೆ ಗೊತ್ತಾದ್ರೆ, ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಕಿವುಡನ ಮಾತಾಗಿಬಿಡುತ್ತೆ. ನಾನು ಕೇಳಿದ್ದೇ ಸುಳ್ಳಾಗಿಬಿಡುತ್ತೆ."

ಹೇಳುವುದಿಲ್ಲ ಎಂದೆ. ಅಂದಿನಿಂದ ಬೆಳಗ್ಗೆ ದೊಡ್ಡತಾತನ ಗೇಟು ಧಪ್ ಎಂದಾಗ ನಾನು ತಾತನ ಕಣ್ಣಿಗೆ ಬೀಳುವಂತೆ ತಲೆಯಾಡಿಸುತ್ತಿದ್ದೆ. ಅವರು, "ಇವತ್ತೂ ತಪ್ಪೇ" ಎನ್ನುತ್ತಿದ್ದರು. ಅಜ್ಜಿ ಒಲೆಯ ಮುಂದೆ ಬೆನ್ನು ತಿರುಗಿಸಿಕೊಂಡೇ ಇರುತ್ತಿದ್ದಳು.

ಹೀಗೇ ಕಾಲ ಕಳೆಯುತ್ತಿತ್ತೋ ಏನೋ, ಅಷ್ಟರಲ್ಲಿ ಗಂಭೀರ ವಾಪಸು ಬಂತು.

ಬೇರೆ ಊರಿನ ಒಬ್ಬ ಹಲ್ಲಿನ ಡಾಕ್ಟರು ಯಾರದೋ ತೋಟದಲ್ಲಿ ಕೋಳಿಗೂಡಾಗಿದ್ದ ಗಂಭೀರವೊಂದನ್ನು ಪತ್ತೆಹಚ್ಚಿ, ಕೋಳಿಗಳನ್ನು ಒಪ್ಪಿಸಿ, ತಂದು ರಿಪೇರಿ ಮಾಡಿಸಿದ್ದರು. ಬಣ್ಣ, ತೊಗಲು, ಗಾಜು ಎಲ್ಲ ಆಗಿತ್ತು. ಹೊಸ ಬೀಡಿಂಗ್ ಹಾಕಿದ ಎರಡು ಮುಂಬಾಗಿಲುಗಳನ್ನು ಹಳೆಯ ಕೇಳುವವರೇ ಕೂತು ಕೇಳಿ ಒಪ್ಪಬೇಕು ಎಂಬುದು ಅವರ ಆಸೆ. ಭಾನುವಾರ ಕಾರನ್ನು ಹಳೆ ಕಂಪನಿಯ ಅಂಗಳಕ್ಕೇ ತರುತ್ತೇನೆ, ಇಬ್ಬರೂ ಬರಬೇಕು ಎಂದು ಎರಡೂ ಮನೆಗೆ ಬಂದು ಕರೆದು ಹೋದರು. ನಮ್ಮ ಮನೆಯಲ್ಲಿ ಬಚ್ಚಲನ್ನೂ ನೋಡಿ, ಗಾಜು ಇಳಿಸಿ ಏರಿಸಿ, ಕಣ್ಣಲ್ಲಿ ನೀರು ತಂದುಕೊಂಡರು.

ಆ ರಾತ್ರಿ ತಾತ ಊಟ ಬಿಟ್ಟರು. ಹೋಗದಿದ್ದರೆ ಹೆದರಿದರು ಎಂದಾಗುತ್ತದೆ. ಹೋದರೆ, ಕೇಳಿಸದ್ದನ್ನು ಕೇಳಿಸಿತೆಂದು ಹೇಳಬೇಕು, ಅದೂ ಭಾವನ ಪಕ್ಕದಲ್ಲಿ ಕೂತು. ಬೆಳಗ್ಗೆ ನನ್ನನ್ನು ಹಿತ್ತಲಿಗೆ ಕರೆದರು.

"ನೀನು ಕಾರಿನ ಎದುರಿಗೆ ನಿಂತ್ಕೋ. ಬಾಗಿಲು ದಪ್ ಅಂದ್ರೆ ಜಡೆ ಮುಂದಕ್ಕೆ ಹಾಕ್ಕೋ. ಧಪ್ ಅಂದ್ರೆ ಹಿಂದಕ್ಕೆ."

"ಎರಡೂ ಅಲ್ಲದಿದ್ರೆ ತಾತ?"

"ಎರಡೂ ಅಲ್ಲದಿರೋಕೆ ಅದೇನು ಸ್ಕೂಟರಾ?"

ಹಿತ್ತಲಲ್ಲಿ ನಾವು ಅಭ್ಯಾಸ ಮಾಡಿದೆವು. ನಾನು ತುಂಬ ಬೇಗ ಜಡೆ ಎತ್ತುತ್ತೇನೆ, ನೊಣ ಓಡಿಸಿದ ಹಾಗೆ ಕಾಣುತ್ತದೆ, ಸಹಜವಾಗಿ ಎತ್ತಬೇಕು ಎಂದರು. ಸಹಜವಾಗಿ ಎತ್ತಿದರೆ ಅವರಿಗೆ ಕಾಣಿಸಲಿಲ್ಲ. ಕೊನೆಗೆ ತುದಿಗೆ ಕೆಂಪು ರಿಬ್ಬನ್ ಕಟ್ಟಿಕೊಳ್ಳುವುದೆಂದು ತೀರ್ಮಾನವಾಯಿತು. ಕಾಲೇಜಿಗೆ ಹೋಗುವ ನಾನು ರಿಬ್ಬನ್ ಕಟ್ಟಿಕೊಂಡದ್ದನ್ನು ನೋಡಿ ಅಜ್ಜಿ ಹುಬ್ಬೇರಿಸಿದಳು.

ಹಳೆಯ ಕಂಪನಿ ಈಗ ಹಾಸಿಗೆಯ ಗೋದಾಮು. ಶೆಡ್ಡುಗಳ ತುಂಬ ಹತ್ತಿಯ ಹಾಸಿಗೆ ಒಟ್ಟಿದ್ದರು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿದ್ದವು. ಅಂಗಳದ ಎಡಗಡೆ ಎಡಶೆಡ್ಡಿನ ಹಳಬರು, ಬಲಗಡೆ ಬಲಶೆಡ್ಡಿನವರು. ಯಾರೂ ಹೇಳಿರಲಿಲ್ಲ, ತಾವಾಗಿಯೇ ಹಾಗೆ ನಿಂತಿದ್ದರು. ನಡುವೆ ಗಂಭೀರ. ನಾನು ಇಡಿಯ ಗಂಭೀರವನ್ನು ನೋಡಿದ್ದು ಅದೇ ಮೊದಲು. ಅದಕ್ಕೆ ನಮ್ಮ ಬಚ್ಚಲಿನ ಬಾಗಿಲೇ ಇರುವುದನ್ನು ಕಂಡು, ಗೊತ್ತಿದ್ದರೂ, ಸ್ವಲ್ಪ ನಾಚಿಕೆಯಾಯಿತು.

ದೊಡ್ಡತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೊಸೆಯೊಂದಿಗೆ ಬಂದಿದ್ದರು. ನಾನು ಅತ್ತೆ ಎಂದು ಕರೆಯುವ ಆ ಸೊಸೆ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಎಂದೂ ಗಲಿಬಿಲಿಗೊಳ್ಳದವರು. ಅವತ್ತು ಮಾತ್ರ ಸುಮ್ಮನೆ ಕನ್ನಡಕ ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಕಾರಿನ ಮುಂದೆ ನನ್ನ ಪಕ್ಕದಲ್ಲೇ ಬಂದು ನಿಂತರು.

"ಕಣ್ಣಿಗೇನಾದ್ರೂ ಬಿತ್ತಾ ಅತ್ತೆ?" ಎಂದೆ.

"ಇಲ್ವಲ್ಲ" ಎಂದು ನನ್ನ ರಿಬ್ಬನ್ ನೋಡಿದರು. "ನಿಂದೇನು, ಮತ್ತೆ ಸ್ಕೂಲಿಗೆ ಸೇರಿದ್ಯಾ?"

ಡಾಕ್ಟರು ಎರಡು ಬಾಗಿಲನ್ನೂ ತೆರೆದರು. ತಾತ ಎಡಗಡೆಯಿಂದ ಹತ್ತಿದರು, ದೊಡ್ಡತಾತ ಬಲಗಡೆಯಿಂದ. ಕಂಪನಿಯ ಗೇಟು ಮುಚ್ಚಿದ ಮೇಲೆ ಅವರು ಅಷ್ಟು ಹತ್ತಿರ ಕೂತದ್ದು, ನಡುವೆ ಉಪ್ಪಿನ ಡಬ್ಬಿಯೂ ಇಲ್ಲದೆ, ಅದೇ ಮೊದಲು. ಇಬ್ಬರೂ ನೇರ ಮುಂದಕ್ಕೆ, ಗಾಜಿನ ಮೂಲಕ, ತಮ್ಮ ತಮ್ಮವರ ಮೇಲೆ ಕಣ್ಣು ನೆಟ್ಟರು.

ಅಷ್ಟರಲ್ಲಿ ಅಜ್ಜಿ ಸೆರಗು ಬಿಗಿದುಕೊಂಡು ಬಂದಳು. "ಹಿಂದುಗಡೆ ಬಾಗಿಲು ತೆಗೀರಿ ಡಾಕ್ಟ್ರೇ. ಈ ಕಾರಿನ ಸುದ್ದೀಲೇ ನನ್ನ ಆಯಸ್ಸು ಕಳೆದಿದೆ. ಒಂದ್ಸಲ ಕೂತಾದ್ರೂ ನೋಡ್ತೀನಿ." ಹತ್ತಿ, ಹಿಂದಿನ ಸೀಟಿನ ಮಧ್ಯದಲ್ಲಿ ಕೂತು, "ಮೆತ್ತಗಿದೆ" ಎಂದು ಒಪ್ಪಿಗೆ ಕೊಟ್ಟಳು.

"ಮೊದಲು ಎಡದವರು ಹಾಕಲಿ" ಎಂದರು ಡಾಕ್ಟರು, ಕಾರಿನ ಹಿಂದೆ ನಿಂತು. "ನಾನು ಹೇಳಿದ ಮೇಲೆ ಬಲದವರು."

ಆ ಮಾತು ಒಳಗಿದ್ದ ಇಬ್ಬರಿಗೂ ತಲುಪಲಿಲ್ಲ. ಇಬ್ಬರೂ ಒಟ್ಟಿಗೇ ಕೈ ಚಾಚಿದರು. ಇಬ್ಬರೂ ಒಟ್ಟಿಗೇ, ಒಂದೇ ಹಿಡಿತದಲ್ಲಿ, ಒಂದೇ ಬೆಂಚಿನಲ್ಲಿ ಕಲಿತವರ ಹಾಗೆ, ಬಾಗಿಲು ಎಳೆದುಕೊಂಡರು.

ಒಂದೇ ಸದ್ದು.

ಅದು ದಪ್ ಆಗಿತ್ತೇ, ಧಪ್ ಆಗಿತ್ತೇ, ನನಗೆ ಈಗಲೂ ಹೇಳಲು ಬರುವುದಿಲ್ಲ. ಎರಡು ಸೇರಿ ಒಂದಾಗಿತ್ತು. ನನ್ನ ಜಡೆ ಕೈಯಲ್ಲೇ ಉಳಿಯಿತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪಕ್ಕದಲ್ಲಿ ಅತ್ತೆಯ ಕನ್ನಡಕ ಮೂಗಿಗೂ ಹಣೆಗೂ ನಡುವೆ ನಿಂತಿತ್ತು. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಂಗಡಿಯವನ ಮಾತು ನನಗೆ ಆಗ ನೆನಪಾಯಿತು.

"ನಿಮ್ಮಲ್ಲೂನಾ ಅತ್ತೆ?" ಎಂದೆ ಮೆಲ್ಲಗೆ.

"ಬೀಡಿಂಗ್ ಬದಲಾಯಿಸಿ ಬದಲಾಯಿಸಿ ಸಾಕಾಗೋಯ್ತು" ಎಂದರು ಅತ್ತೆ.

ಗಾಜಿನಾಚೆ ಇಬ್ಬರೂ ನಮ್ಮನ್ನು ನೋಡುತ್ತಲೇ ಇದ್ದರು. ತಾತನ ಹುಬ್ಬು ಏನು ಎಂದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರ ಹುಬ್ಬು ಇಳಿಯಿತು. ಅವರು ಬಾಗಿಲಿನ ಮೆತ್ತೆಯ ಮೇಲೆ ಅಂಗೈ ಇಟ್ಟು, ನೇರ ಮುಂದಕ್ಕೆ ನೋಡುತ್ತಲೇ, ಏನೋ ಹೇಳಿದರು. ಅದೇ ಹೊತ್ತಿಗೆ ದೊಡ್ಡತಾತನ ತುಟಿಯೂ ಅಲುಗಿತು. ಬಾಗಿಲುಗಳು ಅಷ್ಟು ಚೆನ್ನಾಗಿ ಮುಚ್ಚಿದ್ದರಿಂದ ಹೊರಗಿದ್ದ ನಮಗೆ ಒಂದಕ್ಷರವೂ ಕೇಳಲಿಲ್ಲ. ಒಳಗಿದ್ದ ಅವರಿಗೆ ಒಬ್ಬರದು ಒಬ್ಬರಿಗೆ ಕೇಳುವ ಹಾಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವರು ನೇರವಾಗಿ ಆಡಿಕೊಂಡ ಮಾತನ್ನು ಕೇಳಿದವಳು ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಒಬ್ಬಳೇ.

ಡಾಕ್ಟರು ಓಡಿ ಬಂದು ಅವಳ ಬಾಗಿಲು ತೆಗೆದರು. "ಏನಂದ್ರಮ್ಮಾ? ಒಪ್ಪಿದ್ರಾ?"

"ಇಬ್ರೂ ಒಪ್ಕೊಂಡ್ರು" ಎಂದಳು ಅಜ್ಜಿ.

"ಯಾವುದನ್ನ? ದಪ್‌ನೋ ಧಪ್‌ನೋ?"

"ಒಪ್ಕೊಂಡ್ರು ಅಂದ್ನಲ್ಲ."

ಎರಡು ಕಡೆಯವರೂ ಚಪ್ಪಾಳೆ ತಟ್ಟಿದರು, ತಾವೇ ಗೆದ್ದೆವೆಂದು. ಡಾಕ್ಟರು ಸಂಕೋಚದಿಂದ, "ಹೊಸ ಹಲ್ಲಿನ ಸೆಟ್ಟು ಹಾಕಿಸ್ಕೊಂಡಿದ್ದ ಯಜಮಾನರು ಅವತ್ತು ‘ತಪ್’ ಅಂದಿರೋ ಸಾಧ್ಯತೇನೂ ಇದೆ, ದ ಕಷ್ಟ ಅವರಿಗೆ" ಎಂದರು. ಎರಡು ಶೆಡ್ಡಿನವರೂ ಅವರನ್ನು ನೋಡಿದ ನೋಟಕ್ಕೆ ಡಾಕ್ಟರು ಕಾರಿನತ್ತ ತಿರುಗಿದರು. ಆಮೇಲೆ ಮೂವರನ್ನೂ ಒಂದು ಸುತ್ತು ಕರೆದೊಯ್ಯುತ್ತೇನೆಂದು ದೊಡ್ಡತಾತನ ಕಡೆಯ ಕಿಟಕಿಯಿಂದ ಕೈ ಹಾಕಿ ಎಂಜಿನ್ ಚಾಲೂ ಮಾಡಲು ನೋಡಿದರು. ಅದು ಚಾಲೂ ಆಗಲಿಲ್ಲ. ಕೊನೆಯಲ್ಲಿ ನೆನಪಾದದ್ದು ಎಂಜಿನ್ನೇ ಎಂಬ ಅಜ್ಜಿಯ ಮಾತು ನಿಜವಿರಬೇಕು. ಹಳಬರೆಲ್ಲ ಸೇರಿ ತಳ್ಳಿದರು, ಎಡದವರು ಎಡದಿಂದ, ಬಲದವರು ಬಲದಿಂದ. ಸ್ಟೀರಿಂಗ್ ಹಿಡಿದವರು ದೊಡ್ಡತಾತ. ಪಕ್ಕದಲ್ಲಿ ತಾತ ಮೊಣಕೈಯನ್ನು ದಿಂಬಿನ ಮೇಲೆ ಊರಿ, ಯಜಮಾನರ ಹಾಗೆ ಕೂತರು. ಗಂಭೀರ ಹಾಸಿಗೆಗಳ ನಡುವೆ ಅಂಗಳವನ್ನು ಒಂದು ಸುತ್ತು ಬಂತು. ಸದ್ದೇ ಇಲ್ಲದೆ, ಹತ್ತಿಯ ಎಳೆಯ ಹಾಗೆ.

ಮನೆಗೆ ಬಂದ ಮೇಲೆ ಅಜ್ಜಿ ತಾತನ ಎದುರಿಗೆ ನಿಂತು, ಬಾಯಿ ಚೆನ್ನಾಗಿ ತೆರೆದು ಹೇಳಿದಳು, "ಅಣ್ಣ ಒಪ್ಕೊಂಡ." ಸಂಜೆ ಪಕ್ಕದ ಬೀದಿಗೆ ಹೋಗಿ ಅಣ್ಣನ ಎದುರಿಗೆ ನಿಂತು ಹೇಳಿದಳು, "ಅವರು ಒಪ್ಕೊಂಡ್ರು." ಎರಡೂ ಸುಳ್ಳಲ್ಲ. ಕಾರಿನೊಳಗೆ ತಾತ, "ನಿಮ್ದೇ ಸರಿ ಭಾವ, ಧಪ್" ಎಂದಿದ್ದರು. ದೊಡ್ಡತಾತ, "ನಿಂದೇ ಸರಿ ಕಣಯ್ಯ, ದಪ್" ಎಂದಿದ್ದರು. ಅಡುಗೆಮನೆಯಲ್ಲಿ ಅಜ್ಜಿ ಇದನ್ನು ನನಗೆ ಹೇಳುವಾಗ ಅವಳ ಕೈ ಹಿಟ್ಟಿನಲ್ಲಿತ್ತು.

"ಅಂದ್ರೆ ನಿಂಗೆ ಗೊತ್ತಿತ್ತಾ ಅಜ್ಜಿ, ಇಬ್ರಿಗೂ ಕೇಳಲ್ಲ ಅಂತ?"

"ಬೈದ್ರೂ ಎದುರುತ್ತರ ಬರದಿದ್ರೆ ಗೊತ್ತಾಗಲ್ವೇನೇ?"

"ಮತ್ತೆ ಬಾಗಿಲು? ನಿಜವಾಗಿ ಅದು ಏನಂತು?"

ಅಜ್ಜಿ ಯೋಚಿಸಿದಳು. "ಇಬ್ರೂ ಒಟ್ಟಿಗೆ ಉಸಿರು ಬಿಟ್ರು ಕಣೇ. ಅದರಲ್ಲಿ ಬಾಗಿಲು ಎಲ್ಲಿ ಕೇಳುತ್ತೆ?"

ಈಗ ದೊಡ್ಡತಾತ ಸಂಜೆಯಾದರೆ ನಮ್ಮ ಜಗುಲಿಗೆ ಬರುತ್ತಾರೆ. ಇಬ್ಬರೂ ಅಕ್ಕಪಕ್ಕ ಕೂತು, ರಸ್ತೆ ನೋಡುತ್ತ, ಗಟ್ಟಿಯಾಗಿ ಮಾತಾಡುತ್ತಾರೆ. ತಾತ ಕೀಲಿನ ವಿಷಯ ಹೇಳುತ್ತಿದ್ದರೆ ದೊಡ್ಡತಾತ ಮೊಣಕಾಲು ನೋವಿನ ವಿಷಯ ಹೇಳುತ್ತಿರುತ್ತಾರೆ. ಇಬ್ಬರೂ ಆಗಾಗ ತಲೆಯಾಡಿಸುತ್ತಾರೆ. ಭಾವನಿಗೆ ಗುಟ್ಟು ತಿಳಿದಿಲ್ಲ ಎಂದು ತಾತನಿಗೆ ನೆಮ್ಮದಿ. ದೊಡ್ಡತಾತನಿಗೂ ಅದೇ ನೆಮ್ಮದಿ ಎಂದು ಅತ್ತೆ ಹೇಳುತ್ತಾರೆ.

ಬೆಳಗ್ಗೆ ತಾತ ಬಚ್ಚಲಿನಿಂದ ತಲೆ ಬಗ್ಗಿಸಿ ಹೊರಬರುತ್ತಾರೆ. ಟವೆಲು ಹೆಗಲಿಗೆ ಹಾಕಿಕೊಂಡು, ಬಾಗಿಲು ಹಾಕಿ, ನನ್ನ ಕಡೆ ನೋಡುತ್ತಾರೆ.

ನಾನು ಜಡೆ ಮುಂದಕ್ಕೆ ಹಾಕಿಕೊಳ್ಳುತ್ತೇನೆ.